ಟ್ಯಾಕಲ್: ಬಲಕ್ಕಿಂತ ನಿಯಮ ದೊಡ್ಡದು



ರಗ್ಬಿಯಲ್ಲಿ ಚೆಂಡು ಹಿಡಿದು ಓಡುವವನನ್ನು ಹಿಡಿದು ನೆಲಕ್ಕೆ ಕೆಡಹುವುದೇ ಟ್ಯಾಕಲ್. ಆದರೆ ಚೆಂಡಿಲ್ಲದವನನ್ನು ಕೆಡಹುವಂತಿಲ್ಲ; ಭುಜಕ್ಕಿಂತ ಮೇಲೆ ಹಿಡಿಯುವಂತಿಲ್ಲ; ತೋಳಿನಿಂದ ಅಪ್ಪದೆ ಬರೀ ಭುಜದಿಂದ ಗುದ್ದುವಂತಿಲ್ಲ; ಎತ್ತಿ ತಲೆಕೆಳಗಾಗಿ ಹಾಕುವಂತಿಲ್ಲ. ಕೆಡಹಿದ ಕೂಡಲೇ ಬಿಡಬೇಕು. ಇಂಗ್ಲೆಂಡ್ 2023ರಲ್ಲಿ ಹವ್ಯಾಸಿ ಆಟಗಾರರಿಗೆ ಈ ಮಿತಿಯನ್ನು ಎದೆಮೂಳೆಯ ಕೆಳಕ್ಕೆ ಇಳಿಸಿತು.

2011ರಲ್ಲಿ ಉತ್ತರ ಐರ್ಲೆಂಡ್‌ನ ಶಾಲಾ ಪಂದ್ಯವೊಂದರಲ್ಲಿ ತಲೆಗೆ ಪೆಟ್ಟು ಬಿದ್ದ 14 ವರ್ಷದ ಬಾಲಕ ಆಟ ಮುಂದುವರಿಸಿದ. ಮತ್ತೆ ಪೆಟ್ಟು ಬಿತ್ತು, ಬಾಲಕ ಉಳಿಯಲಿಲ್ಲ.

ಆದ್ದರಿಂದ ಶಿಕ್ಷಕ ಬಂಧುಗಳೇ, ತಲೆಗೆ ಪೆಟ್ಟಾಗಿದೆಯೆಂಬ ಅನುಮಾನ ಬಂದರೂ ಸಾಕು, ಮಗುವನ್ನು ಮೈದಾನದಿಂದ ಹೊರಗೆ ಕರೆಯಿರಿ. ಮಗು ‘ನನಗೇನೂ ಆಗಿಲ್ಲ ಸಾರ್’ ಎಂದರೂ ಕೇಳಬೇಡಿ. ಸೋತ ಪಂದ್ಯವನ್ನು ಮತ್ತೆ ಆಡಬಹುದು. ಹೋದ ಜೀವ ಬಾರದು.