ಅಂಚೆಚೀಟಿಗಳಲ್ಲಿ ಯೂರೋಪಿನ ಮಹಾದೇವಾಲಯಗಳು



ದೇವಾಲಯದ ಶತಮಾನೋತ್ಸವದಲ್ಲಿ ಅಂಚೆಚೀಟಿಯ ಮಾತೇಕೆ ಎಂದು ತಮಗೆ ಅನ್ನಿಸಬಹುದು. ಮುಗಿಲು ಮುಟ್ಟುವ ಗೋಪುರಗಳನ್ನು ಅಂಗುಲದಷ್ಟು ಕಾಗದದೊಳಕ್ಕೆ ಇಳಿಸುವುದು ಮಕ್ಕಳಾಟವೆಂದು ತೋರುವುದೂ ಸಹಜ. ಆದರೆ ಈ ಚೀಟಿಗಳಲ್ಲಿ ಕೆಲವು ವೈಭವದ ಕಾಲದಲ್ಲಿ ಹುಟ್ಟಿದವಲ್ಲ, ಯುದ್ಧದ ಬೂದಿಯ ನಡುವೆ ಹುಟ್ಟಿದವು. ಅಂತಹವುಗಳ ಬಗ್ಗೆ ಮಾತ್ರ ನಾವಿಲ್ಲಿ ಹೇಳಬಯಸುತ್ತೇವೆ.

ಫ್ರಾನ್ಸಿನ ಅರಸರಿಗೆ ಕಿರೀಟಧಾರಣೆ ನಡೆಯುತ್ತಿದ್ದ ರೀಮ್ಸ್ ಪ್ರಧಾನಾಲಯವು 1914ರ ಸೆಪ್ಟೆಂಬರ್ 19ರಂದು ಜರ್ಮನ್ ಫಿರಂಗಿಗಳ ದಾಳಿಗೆ ತುತ್ತಾಯಿತು. ಗೋಪುರಕ್ಕೆ ಕಟ್ಟಿದ್ದ ಮರದ ಸಾರುವೆಗೆ ಬೆಂಕಿ ಹತ್ತಿತು. ಚಾವಣಿಯ ಸೀಸ ಕರಗಿ ಹರಿಯಿತು. ಬಾಗಿಲ ಬಳಿ ಶತಮಾನಗಳಿಂದ ನಗುತ್ತ ನಿಂತಿದ್ದ ದೇವದೂತನ ತಲೆ ಮುರಿದು ಕೆಳಗುರುಳಿತು. ಚೂರುಗಳನ್ನು ಆಯ್ದಿಟ್ಟವರಿದ್ದುದರಿಂದ 1926ರಲ್ಲಿ ಆ ಮುಖ ಮತ್ತೆ ತನ್ನ ಸ್ಥಾನವನ್ನು ಸೇರಿತು. 1930ರಲ್ಲಿ ಫ್ರೆಂಚ್ ಅಂಚೆಯವರು ಆ ನಗುವನ್ನೇ ಚೀಟಿಯಾಗಿ ಅಚ್ಚು ಹಾಕಿದರು. ಅಂಚೆಯ ದರ ಒಂದೂವರೆ ಫ್ರಾಂಕ್, ಅದರ ಮೇಲೆ ಮೂರೂವರೆ ಫ್ರಾಂಕ್ ಸಹಾಯಧನ. ಆ ಹಣ ಹೋದದ್ದು ದೇವಾಲಯಕ್ಕಲ್ಲ, ಸರ್ಕಾರದ ಸಾಲ ತೀರಿಸುವ ನಿಧಿಗೆ! ದೇವದೂತನ ಕೈಯಲ್ಲಿ ತೆರಿಗೆ ಎತ್ತಿಸಿದಂತಾಯಿತೆಂದು ನಮಗೆ ತೋರುತ್ತದೆ. ಜೀರ್ಣೋದ್ಧಾರ ಮುಗಿದ ನೆನಪಿಗೆ 1938ರಲ್ಲಿ ಪ್ರಧಾನಾಲಯದ ಚೀಟಿಯೂ ಬಂದಿತು. ಸುಟ್ಟುಹೋದ ಮರದ ಚಾವಣಿಗೆ ಬದಲಾಗಿ ವಾಸ್ತುಶಿಲ್ಪಿ ಆಂರಿ ದನೋ ಅವರು ಕಾಂಕ್ರೀಟಿನ ತೊಲೆಗಳನ್ನು ಜೋಡಿಸಿದ್ದರು.

1944ರ ನವೆಂಬರಿನಲ್ಲಿ, ಯುದ್ಧವಿನ್ನೂ ಮುಗಿಯದಿರುವಾಗಲೇ, ಅಂಗುಲೆಮ್, ಶಾರ್ತ್ರ್, ಅಮಿಯೆ, ಬೋವೆ, ಆಲ್ಬಿ ಎಂಬ ಐದು ಪ್ರಧಾನಾಲಯಗಳ ಚೀಟಿಗಳು ಹೊರಬಂದವು. ಇಂತಹ ಚೀಟಿಯ ಕೆತ್ತನೆಗಾರನು ಉಕ್ಕಿನ ಅಚ್ಚಿನ ಮೇಲೆ, ಚೀಟಿಯ ಅಳತೆಯಲ್ಲಿಯೇ, ಎಡವನ್ನು ಬಲವಾಗಿಸಿ ಗೆರೆ ಗೆರೆಯಾಗಿ ಕೊರೆಯಬೇಕು. ಈ ಐದರಲ್ಲಿ ಬೋವೆಯದು ನಮ್ಮನ್ನು ಹೆಚ್ಚು ಹೊತ್ತು ತಡೆದು ನಿಲ್ಲಿಸುತ್ತದೆ. ಎಲ್ಲರಿಗಿಂತ ಎತ್ತರಕ್ಕೆ ಕಟ್ಟುವೆವೆಂದು ಹೊರಟವರು ಅಲ್ಲಿ ಪೀಠದ ಭಾಗದ ಕಮಾನನ್ನು ಸುಮಾರು 48 ಮೀಟರ್ ಎತ್ತರಿಸಿದರು. 1284ರಲ್ಲಿ ಅದರ ಒಂದು ಭಾಗ ಕುಸಿಯಿತು. ಮತ್ತೆ ಕಟ್ಟಿ 153 ಮೀಟರಿನ ಗೋಪುರವನ್ನೇರಿಸಿದರು. 1573ರ ಸ್ವರ್ಗಾರೋಹಣದ ಹಬ್ಬದಂದು ಅದೂ ಉರುಳಿತು. ಭಕ್ತರು ಕುಳಿತುಕೊಳ್ಳಬೇಕಾದ ನಡುಭಾಗವನ್ನು ಕಟ್ಟಲು ಹಣವೂ ಧೈರ್ಯವೂ ಉಳಿಯಲಿಲ್ಲ. ಇಂದಿಗೂ ಅದು ಅರ್ಧ ದೇವಾಲಯವೇ.

ಜರ್ಮನಿಯ ಕೊಲೋನ್ ಪ್ರಧಾನಾಲಯಕ್ಕೆ ಅಸ್ತಿಭಾರದ ಕಲ್ಲು ಬಿದ್ದುದು 1248ರ ಆಗಸ್ಟ್ 15ರಂದು, ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರದ ಹಬ್ಬದ ದಿನ. ಹದಿನಾರನೆಯ ಶತಮಾನದಲ್ಲಿ ನಿಂತುಹೋದ ಕೆಲಸ 1842ರಲ್ಲಿ ಮತ್ತೆ ಆರಂಭವಾಗಿ 1880ರಲ್ಲಿ ಮುಗಿಯಿತು. ನಡುವಣ ಆ ದೀರ್ಘಕಾಲವೆಲ್ಲ ಅರೆಬರೆ ಗೋಪುರದ ಮೇಲೆ ಕಲ್ಲೆತ್ತುವ ಮರದ ಯಂತ್ರವೊಂದು ನಿಂತೇ ಇತ್ತು. ಎರಡನೆಯ ಮಹಾಯುದ್ಧದಲ್ಲಿ 14 ಬಾಂಬುಗಳು ಬಿದ್ದರೂ ಕಟ್ಟಡ ಕುಸಿಯಲಿಲ್ಲ. ಸುತ್ತಲಿನ ನಗರ ಮಾತ್ರ ನೆಲಸಮವಾಯಿತು. 1948ರ ಆಗಸ್ಟ್ 15ರಂದು, 700ನೆಯ ವರ್ಷದ ನೆನಪಿಗೆ, ನಾಲ್ಕು ಚೀಟಿಗಳು ಬಂದವು. ಹೊಸ ನಾಣ್ಯ ಚಲಾವಣೆಗೆ ಬಂದು ಎರಡು ತಿಂಗಳೂ ಆಗಿರಲಿಲ್ಲ. ಜನರ ಕೈಯಲ್ಲಿ ಹಣವೇ ಇರಲಿಲ್ಲ. ಹಾಗಿದ್ದೂ ಆರು ಫೆನಿಗ್ಗಿನ ಚೀಟಿಗೆ ನಾಲ್ಕು ಫೆನಿಗ್, ಐವತ್ತರದಕ್ಕೆ ಮತ್ತೆ ಐವತ್ತು ಹೆಚ್ಚಾಗಿ ತೆರಬೇಕಿತ್ತು. ಈ ಬಾರಿ ಆ ಹಣ ದೇವಾಲಯದ ದುರಸ್ತಿಗೇ ಸಂದಿತು. ಅದೇ ದಿನ ನಮ್ಮ ದೇಶದಲ್ಲಿಯೂ, ಸ್ವಾತಂತ್ರ್ಯದ ಮೊದಲ ವಾರ್ಷಿಕೋತ್ಸವಕ್ಕೆ, ಗಾಂಧೀಜಿಯವರ ನಾಲ್ಕು ಚೀಟಿಗಳು ಪ್ರಕಟವಾದುದನ್ನು ಇಲ್ಲಿ ನೆನೆಯಬಹುದು.

ಮೈಸೂರು ಸೀಮೆಯಲ್ಲಿ ದುಡಿದ ಪ್ಯಾರಿಸ್ ಮಿಷನ್ ಸಂಸ್ಥೆಯ ಗುರುಗಳಿಗೆ ತಾಯ್ನಾಡಿನಿಂದ ಬಂದ ಕಾಗದಗಳ ಮೇಲೆ ಇಂತಹ ಚೀಟಿಗಳು ಅಂಟಿದ್ದಿರಬಹುದು. ತಮ್ಮ ಮನೆಯ ಹಳೆಯ ಪೆಟ್ಟಿಗೆಯಲ್ಲಿ ಅಂತಹ ಲಕೋಟೆಯೇನಾದರೂ ಸಿಕ್ಕಿದರೆ ದಯಮಾಡಿ ಚೀಟಿಯನ್ನು ಕೀಳಬೇಡಿರಿ. ಅಂಚೆಯ ಮೊಹರಿನ ಸಮೇತ ಲಕೋಟೆಯನ್ನು ಹಾಗೆಯೇ ಒಣಗಿದ ಜಾಗದಲ್ಲಿಡಿರಿ.