ಬೇಸ್‌ಮೆಂಟಿನ ನಾದ

(ನಮ್ಮ ಕೂಟದ ವಾರ್ಷಿಕೋತ್ಸವದಂದು ಡೆಸ್ ಪ್ಲೇನ್ಸ್‌ನಲ್ಲಿ ಮಾಡಿದ ಭಾಷಣದ ಬರಹರೂಪ)



ವೈದ್ಯರನ್ನು ವೇದಿಕೆಗೆ ಕರೆದರೆ ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ಬಗ್ಗೆ ಎರಡು ಮಾತು ಆಡುತ್ತಾರೆಂದು ನೀವು ನಿರೀಕ್ಷಿಸುವುದು ಸಹಜ. ಊಟಕ್ಕೆ ಹೋಳಿಗೆ ಇದೆಯೆಂದು ತಿಳಿದ ಮೇಲೆ ಆ ಮಾತು ಎತ್ತುವುದು ಸೌಜನ್ಯವಲ್ಲ. ಆದ್ದರಿಂದ ಇಂದು ನಮ್ಮ ಮನೆಯ ಬೇಸ್‌ಮೆಂಟಿನಿಂದ ಬರುವ ಒಂದು ಸದ್ದಿನ ಬಗ್ಗೆ, ಅದರ ವಿಷಯದಲ್ಲಿ ನಾವು ಮಾಡಿದ ಒಂದು ತಪ್ಪಿನ ಬಗ್ಗೆ ಹೇಳಬೇಕೆಂದಿದ್ದೇವೆ.

ನಾವಿಬ್ಬರೂ ಎಂ.ಬಿ.ಬಿ.ಎಸ್. ಮುಗಿಸಿ, ರೆಸಿಡೆನ್ಸಿಗೆಂದು ಈ ದೇಶಕ್ಕೆ ಬಂದು, ಇಲ್ಲೇ ಬೇರೂರಿದವರು. ಮಗ ಹುಟ್ಟಿದ್ದು ಇಲ್ಲೇ. ಹೈಸ್ಕೂಲಿನಲ್ಲಿದ್ದಾಗ ಅವನಿಗೆ ಸೈಕೆಡೆಲಿಕ್ ಟ್ರಾನ್ಸ್ ಎಂಬ ಸಂಗೀತದ ಹುಚ್ಚು ಹಿಡಿಯಿತು. ಕೇಳುವ ಹುಚ್ಚಾಗಿದ್ದರೆ ಸಹಿಸಬಹುದಿತ್ತು. ಇವನದು ತಯಾರಿಸುವ ಹುಚ್ಚು. ರಾತ್ರಿ ಹೋಂವರ್ಕ್ ಮುಗಿಸಿ ಕೆಳಗಿಳಿದನೆಂದರೆ ಧಬ್ ಧಬ್ ಶುರು. ಅಡುಗೆಮನೆಯ ಲೋಟಗಳೂ ತಾಳ ಹಾಕುತ್ತಿದ್ದವು. ನೆಂಟರು ಬಂದು "ಮಗ ಏನ್ಮಾಡ್ತಿದ್ದಾನೆ?" ಎಂದು ಕೇಳಿದರೆ ನಾವು "ಏನೋ ಕಂಪ್ಯೂಟರ್ ಪ್ರಾಜೆಕ್ಟ್" ಎಂದು ಹಾರಿಸಿಬಿಡುತ್ತಿದ್ದೆವು. ಒಂದು ದಿನ ಆ ಮಾತು ಅವನ ಕಿವಿಗೆ ಬಿತ್ತು. ಅವನು ಜಗಳವಾಡಲಿಲ್ಲ. ಮಾರನೆಯ ದಿನದಿಂದ ಹೆಡ್‌ಫೋನ್ ಹಾಕಿಕೊಂಡು ಬಾಗಿಲು ಮುಚ್ಚಿಕೊಂಡ. ಒಂದು ವರ್ಷ ಮನೆ ನಿಶ್ಶಬ್ದವಾಗಿತ್ತು. ನಮಗೆ ಅದು ನೆಮ್ಮದಿ ಎನಿಸಿತ್ತೆಂದು ಹೇಳಲು ಈಗ ನಾಚಿಕೆಯಾಗುತ್ತದೆ.

ಆ ಬೇಸಿಗೆಯಲ್ಲಿ ಮೈಸೂರಿನಿಂದ ಅಜ್ಜಿ ಬಂದರು. ವೀಣೆ ಕಲಿತವರು. ಅವರ ಸೂಟ್‌ಕೇಸಿನಲ್ಲಿ ಉಪ್ಪಿನಕಾಯಿ, ಚಟ್ನಿಪುಡಿಗಳ ನಡುವೆ ಬಟ್ಟೆ ಸುತ್ತಿದ ಎಲೆಕ್ಟ್ರಾನಿಕ್ ತಂಬೂರಿಯೂ ಇತ್ತು. ಮೊಮ್ಮಗ ಒಬ್ಬನೇ ಕೆಳಗೆ ಕೂರುವುದನ್ನು ನೋಡಿ, ಮಂಡಿನೋವಿದ್ದರೂ ಮೆಟ್ಟಿಲಿಳಿದು ಹೋಗಿ, "ನಂಗೂ ಒಂಚೂರು ಕೇಳ್ಸೋ ಪುಟ್ಟ" ಎಂದರು. ಐದು ನಿಮಿಷ ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿ ಕೂತು, "ಇದು ವಕುಳಾಭರಣ ಅಲ್ವೇನೋ?" ಎಂದರು.

"ಇಲ್ಲ ಅಜ್ಜಿ, ಇದಕ್ಕೆ ಫ್ರಿಜಿಯನ್ ಡಾಮಿನೆಂಟ್ ಅಂತಾರೆ."

"ಅವರು ಏನಾದ್ರೂ ಅನ್ಲಿ, ಇದು ಹದಿನಾಲ್ಕನೇ ಮೇಳ. ಸ್ವರ ಸರಿಯಾಗಿದೆ. ಆದ್ರೆ ಉಸಿರಾಡೋಕೆ ಜಾಗಾನೇ ಬಿಟ್ಟಿಲ್ವಲ್ಲೋ ನೀನು."

ನಾವು ಮೆಟ್ಟಿಲ ಮೇಲೆ ನಿಂತು ಕೇಳಿಸಿಕೊಂಡೆವು. ಒಂದು ವರ್ಷದಲ್ಲಿ ಅವನ ಸಂಗೀತದ ಬಗ್ಗೆ ನಮ್ಮ ಮನೆಯಲ್ಲಿ ಕೇಳಿಬಂದ ಮೊದಲ ಪ್ರಶ್ನೆ ಅದು. ಕೇಳಿದವರು ನಾವಲ್ಲ.

ಅಂದಿನಿಂದ ನಾವೂ ಕೆಳಗೆ ಹೋಗಿ ಕೂರತೊಡಗಿದೆವು. ಆಗ ಅವನ ಕೆಲಸ ಅರ್ಥವಾಯಿತು. ಈ ಸಂಗೀತದಲ್ಲಿ ಒಂದು ನಿಮಿಷಕ್ಕೆ ಸುಮಾರು 145 ಡೋಲಿನ ಪೆಟ್ಟು. ಎಂಟು ನಿಮಿಷದ ಒಂದು ಕೃತಿಯಲ್ಲಿ ಸಾವಿರಕ್ಕೂ ಮಿಕ್ಕಿ ಪೆಟ್ಟುಗಳು. ಒಂದೊಂದು ಪೆಟ್ಟಿನ ನಡುವೆ ಸಾಮಾನ್ಯವಾಗಿ ಮೂರು ಮಂದ್ರ ಸ್ವರಗಳು. ಡೋಲು ಮುಗಿಯುವ ಮೊದಲೇ ಸ್ವರ ಬಂದರೆ ಎರಡೂ ಕಲಸುಮೇಲೋಗರ. ಆ ಕೂದಲೆಳೆಯಷ್ಟು ಜಾಗವನ್ನು ಸರಿಪಡಿಸಲು ಅವನು ಮೂರು ವಾರ ಕೂತದ್ದುಂಟು. ಆಧಾರ ಸ್ವರ ಬಹುಪಾಲು ಕದಲುವುದಿಲ್ಲ, ನಮ್ಮ ತಂಬೂರಿಯ ಹಾಗೆ. ಅದರ ಮೇಲೆ ಹದಿನಾರು, ಮೂವತ್ತೆರಡು ಆವರ್ತಕ್ಕೊಮ್ಮೆ ಹೊಸದೊಂದು ಎಳೆ ಸೇರುತ್ತದೆ, ಇಲ್ಲವೆ ಕಳಚುತ್ತದೆ. ನಮ್ಮ ಕಿವಿಗೆ ಒಂದೇ ಸಮನೆ ಬಡಿತವೆನಿಸಿದ್ದರಲ್ಲಿ ಇಷ್ಟೆಲ್ಲ ನಡೆಯುತ್ತಿತ್ತು. ಮೊದಲ ವರ್ಷದ ವೈದ್ಯ ವಿದ್ಯಾರ್ಥಿಗೆ ಎಲ್ಲ ಎದೆಬಡಿತವೂ ಒಂದೇ ರೀತಿ ಕೇಳುತ್ತದೆ. ಮರ್ಮರ ಕೇಳಿಸಬೇಕಾದರೆ ಕಿವಿ ಪಳಗಬೇಕು. ನಮ್ಮ ಕಿವಿ ಪಳಗಿರಲಿಲ್ಲ, ಅಷ್ಟೆ.

ಇನ್ನು, "ಇದೆಲ್ಲ ಎಲ್ಲಿಂದ ಬಂತು?" ಎಂದು ಕೇಳಿದ್ದಕ್ಕೆ ಮಗ ನಮ್ಮನ್ನು ಒಂದು ಭಾನುವಾರ ಡೆಸ್ ಪ್ಲೇನ್ಸ್ ಸ್ಟೇಷನ್ನಿನಲ್ಲಿ ಮೆಟ್ರಾ ಹತ್ತಿಸಿದ. ಓಗಲ್‌ವಿಯಲ್ಲಿ ಇಳಿದು ಸ್ವಲ್ಪ ದೂರ ನಡೆದರೆ ಸೌತ್ ಜೆಫರ್ಸನ್ ರಸ್ತೆ, 206ನೆಯ ನಂಬರಿನ ಕಟ್ಟಡ. 1977ರಲ್ಲಿ ಇಲ್ಲಿ 'ವೇರ್‌ಹೌಸ್' ಎಂಬ ನೃತ್ಯಶಾಲೆ ಇತ್ತು. ಫ್ರ್ಯಾಂಕಿ ನಕಲ್ಸ್ ಅಲ್ಲಿ ರೆಕಾರ್ಡುಗಳನ್ನು ಹೆಣೆದು ನುಡಿಸುತ್ತಿದ್ದರು. ಬಂದು ಕುಣಿಯುತ್ತಿದ್ದವರು ಬಹುಮಟ್ಟಿಗೆ ಕಪ್ಪು ಮತ್ತು ಲ್ಯಾಟಿನೋ ಸಲಿಂಗಿ ಯುವಕರು. ಬೇರೆಡೆ ಬಾಗಿಲು ಮುಚ್ಚಿಸಿಕೊಂಡವರು. 1979ರ ಜುಲೈ 12ರಂದು ಇದೇ ಊರಿನ ಕಮಿಸ್ಕಿ ಪಾರ್ಕ್ ಕ್ರೀಡಾಂಗಣದಲ್ಲಿ ಡಿಸ್ಕೋ ರೆಕಾರ್ಡುಗಳನ್ನು ರಾಶಿ ಹಾಕಿ ಸಿಡಿಸಿದರು. ಆದರೂ ವೇರ್‌ಹೌಸ್‌ನಲ್ಲಿ ಕುಡಿಯೊಡೆದದ್ದು 'ಹೌಸ್' ಎಂಬ ಹೆಸರಿನಲ್ಲಿ ಜಗತ್ತನ್ನೇ ಸುತ್ತಿತು. 2014ರಲ್ಲಿ ಫ್ರ್ಯಾಂಕಿ ತೀರಿಕೊಂಡರು. 2023ರಲ್ಲಿ ನಗರಸಭೆ ಆ ಕಟ್ಟಡವನ್ನು ಸ್ಮಾರಕವೆಂದು ಘೋಷಿಸಿತು. ನಮ್ಮ ಮನೆಯಿಂದ ಸುಮಾರು 20 ಮೈಲಿ. ಇಷ್ಟು ವರ್ಷ ನಾವು ಅದರ ಹೆಸರನ್ನೂ ಕೇಳಿರಲಿಲ್ಲ.

ಡೆಟ್ರಾಯ್ಟ್ ಬಂಧುಗಳು ಬೇಸರಿಸಬಾರದು. ನಿಮ್ಮ ಸಮೀಪದ ಬೆಲ್‌ವಿಲ್‌ನ ಶಾಲೆಯಲ್ಲಿ ಓದಿದ ಹ್ವಾನ್ ಆಟ್ಕಿನ್ಸ್, ಡೆರಿಕ್ ಮೇ, ಕೆವಿನ್ ಸಾಂಡರ್ಸನ್ ಎಂಬ ಮೂವರು ಗೆಳೆಯರು 1980ರ ದಶಕದಲ್ಲಿ ಟೆಕ್ನೋ ಸಂಗೀತಕ್ಕೆ ರೂಪ ಕೊಟ್ಟರು.

ಇದೇ ಕಥೆಯಲ್ಲಿ ಒಂದು ಪುಟ್ಟ ಪೆಟ್ಟಿಗೆಯ ಪಾತ್ರವೂ ಇದೆ. ಜಪಾನಿನ ರೋಲ್ಯಾಂಡ್ ಕಂಪನಿ 1981ರಲ್ಲಿ ಟಿಬಿ-303 ಎಂಬ ಯಂತ್ರವನ್ನು ಹೊರತಂದಿತು. ಬೇಸ್ ಗಿಟಾರ್ ನುಡಿಸುವವರ ಬದಲಿಗೆ ಬಳಸಲೆಂದು ಮಾಡಿದ್ದು. ಅದರ ನಾದ ಗಿಟಾರಿನಂತೆ ಇರಲಿಲ್ಲ. ಕೊಳ್ಳುವವರಿಲ್ಲದೆ 1984ರ ಹೊತ್ತಿಗೆ ತಯಾರಿಕೆ ನಿಂತಿತು. ಶಿಕಾಗೋದ 'ಫ್ಯೂಚರ್' ತಂಡದ ಹುಡುಗರು ಅಂಥದೊಂದು ಹಳೆಯ ಯಂತ್ರ ತಂದು, ನುಡಿಯುತ್ತಿರುವಾಗಲೇ ಅದರ ಗುಂಡಿಗಳನ್ನು ತಿರುಗಿಸಿದರು. 1987ರಲ್ಲಿ 'ಆಸಿಡ್ ಟ್ರ್ಯಾಕ್ಸ್' ಹೊರಬಂತು. ಆ ನಾದ ಯೂರೋಪಿಗೆ ಹೋಗಿ, ಅಲ್ಲಿಂದ ನಮ್ಮ ಕಾರವಾರದ ಪಕ್ಕದ ಗೋವಾಕ್ಕೆ, ಅಂಜುನಾ ಕಡಲತೀರಕ್ಕೆ ಬಂದು, 1990ರ ದಶಕದಲ್ಲಿ ಗೋವಾ ಟ್ರಾನ್ಸ್ ಎನಿಸಿತು. ಮಗನ ಸೈಕೆಡೆಲಿಕ್ ಟ್ರಾನ್ಸ್ ಅದರದೇ ಸಂತಾನ.

ಆದರೆ ಸಭಿಕರೇ, ಶಿಕಾಗೋದ ಹುಡುಗರಿಗಿಂತ ಐದು ವರ್ಷ ಮೊದಲೇ, 1982ರಲ್ಲಿ, ಮುಂಬಯಿಯ ಚಲನಚಿತ್ರ ವಾದ್ಯಗಾರ ಚರಣ್‌ಜಿತ್ ಸಿಂಗ್ ಇದೇ ಟಿಬಿ-303 ಬಳಸಿ ಹತ್ತು ಹಿಂದೂಸ್ತಾನಿ ರಾಗಗಳನ್ನು ಡಿಸ್ಕೋ ತಾಳಕ್ಕೆ ನುಡಿಸಿ ಧ್ವನಿಮುದ್ರಿಸಿದ್ದರು. ಅದರಲ್ಲಿ ಭೈರವ್ ಇದೆ. ಆ ಸ್ವರಗಳು ನಮ್ಮ ಮಕ್ಕಳು ಸರಳೆ ವರಸೆ ಕಲಿಯುವ ಮಾಯಾಮಾಳವಗೌಳದವೇ. ಆಗ ಅದನ್ನು ಕೇಳುವವರಿರಲಿಲ್ಲ. 2010ರಲ್ಲಿ ಮರುಮುದ್ರಣವಾದಾಗ ಜಗತ್ತು ಬೆರಗಾಯಿತು. 2015ರಲ್ಲಿ ಅವರು ತೀರಿಕೊಂಡರು. ಕೊನೆಗಾಲದಲ್ಲಾದರೂ ಮನ್ನಣೆ ದೊರೆಯಿತಲ್ಲ ಎಂಬುದೊಂದು ಸಮಾಧಾನ.

"ಯಂತ್ರದಿಂದ ಬರುವುದು ಸಂಗೀತವೇ?" ಎಂದು ನಾವೂ ಕೇಳಿದ್ದೆವು. ಅಜ್ಜಿ ತಮ್ಮ ಪೆಟ್ಟಿಗೆಯನ್ನು ತೋರಿಸಿದರು. ಎಚ್.ಎ.ಎಲ್.ನಲ್ಲಿ ಇಂಜಿನಿಯರಾಗಿದ್ದ, ಸ್ವತಃ ಕೊಳಲುವಾದಕರಾದ ಬೆಂಗಳೂರಿನ ಜಿ. ರಾಜ್ ನಾರಾಯಣ್ 1979ರಲ್ಲಿ ರೂಪಿಸಿದ ಎಲೆಕ್ಟ್ರಾನಿಕ್ ತಂಬೂರಿಯ ವಂಶದ್ದು ಅದು. ಇಂಥ ಪೆಟ್ಟಿಗೆಯ ಶ್ರುತಿಗೇ ನಾವು ದಾಸರ ಪದ ಹಾಡುತ್ತೇವೆ. ನಮ್ಮ ಬಾಯಿ ಅಲ್ಲಿಗೆ ಕಟ್ಟಿತು.

ವೈದ್ಯರಾಗಿ ಎರಡು ಮಾತು ಹೇಳದಿದ್ದರೆ ಕರ್ತವ್ಯಲೋಪವಾದೀತು. ಮೊದಲನೆಯದು ಕಿವಿ. 85 ಡೆಸಿಬಲ್ ಸದ್ದನ್ನು ಎಂಟು ಗಂಟೆ ತಡೆಯಬಹುದು. ಪ್ರತಿ 3 ಡೆಸಿಬಲ್ ಏರಿದಂತೆ ಆ ಅವಧಿ ಅರ್ಧವಾಗುತ್ತದೆ. 100 ಡೆಸಿಬಲ್‌ಗೆ ಹದಿನೈದೇ ನಿಮಿಷ. ಒಳಗಿವಿಯ ರೋಮಕೋಶ ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಎರಡನೆಯದು ಮಾದಕ ವಸ್ತು. ಇಂಥ ನೃತ್ಯಕೂಟಗಳಲ್ಲಿ ಅದರ ಹಾವಳಿ ಇಲ್ಲವೆಂದರೆ ಸುಳ್ಳಾಗುತ್ತದೆ. ಎಂ.ಡಿ.ಎಂ.ಎ. ನುಂಗಿ ಗಂಟೆಗಟ್ಟಲೆ ಕುಣಿದರೆ ಮೈ ಕಾವು ಪ್ರಾಣಾಂತಕವಾಗಿ ಏರಬಹುದು. ಬೀದಿಯ ಮಾತ್ರೆಗಳಲ್ಲಿ ಫೆಂಟನಿಲ್ ಬೆರೆತಿರುವುದೂ ಉಂಟು. ನಮ್ಮ ಭಯಕ್ಕೆ ಕಾರಣವಿತ್ತು. ಆದರೆ ಆ ಭಯವನ್ನು ನಾವು ಮಗನೊಡನೆ ಒಮ್ಮೆಯೂ ಬಾಯಿಬಿಟ್ಟು ಆಡಿರಲಿಲ್ಲ. ಸಂಗೀತವನ್ನು ಹಳಿದು ಸುಮ್ಮನಾಗಿದ್ದೆವು. ಬಾಗಿಲು ಮುಚ್ಚಿಕೊಂಡ ಮಗನಿಗೆ ಬುದ್ಧಿ ಹೇಳುವುದಾದರೂ ಹೇಗೆ? ಬಾಗಿಲು ತೆರೆದ ಮೇಲೆ ಆಡಿದೆವು. ಅವನಿಗೆ ನಮಗಿಂತ ಹೆಚ್ಚು ತಿಳಿದಿತ್ತು; ಕಿವಿಗೆ ಹಾಕುವ ರಕ್ಷಕಗಳನ್ನೂ ಆಗಲೇ ಕೊಂಡಿದ್ದ.

ಮಗ ಈಗ ಕಾಲೇಜಿನಲ್ಲಿದ್ದಾನೆ. ಈ ಸಂಗೀತ ಅವನಿಗೆ ಅನ್ನ ಕೊಡುತ್ತದೆಂದು ನಾವು ಹೇಳಲಾರೆವು. ಇದುವರೆಗೆ ಅದಕ್ಕೆ ಖರ್ಚೇ ಹೆಚ್ಚು. ಓದು ಬಿಡಿಸಿ ಮಕ್ಕಳನ್ನು ಬೇಸ್‌ಮೆಂಟಿಗೆ ಕಳುಹಿಸಿ ಎಂದೂ ನಾವು ಹೇಳುತ್ತಿಲ್ಲ. ಅಜ್ಜಿಯ ಮಾತಿನಂತೆ ಆ ಕೃತಿಯನ್ನು ಅವನು ತಿದ್ದಿದ. ನಡುವೆ ಡೋಲೆಲ್ಲ ನಿಂತು, ಒಂದು ನಿಮಿಷ ಅಜ್ಜಿಯ ತಂಬೂರಿ ಮಾತ್ರ ಉಳಿಯುತ್ತದೆ. ಮೈಸೂರಿಗೆ ಅದನ್ನು ಫೋನಿನಲ್ಲಿ ಕೇಳಿಸಿದೆವು. "ಈಗ ಸರಿಹೋಯ್ತು, ಆದ್ರೆ ನಿಷಾದ ಇನ್ನೊಂಚೂರು ನೋಡ್ಕೋ" ಎಂದರು. ಗುರುಗಳು ಪೂರ್ತಿ ಮೆಚ್ಚುವುದುಂಟೇ!

ಬಂಧುಗಳೇ, ನಮ್ಮ ಕೋರಿಕೆ ಒಂದೇ. ನಿಮ್ಮ ಮನೆಯ ಮಗನೋ ಮಗಳೋ ನಿಮಗೆ ಹಿಡಿಸದ್ದೇನನ್ನೋ ಮಾಡುತ್ತಾ ಕೂತಿದ್ದರೆ, ಮೊದಲು ಕೆಳಗಿಳಿದು ಹೋಗಿ ಒಂದು ಪ್ರಶ್ನೆ ಕೇಳಿ. ನಮ್ಮ ಕೂಟದ ಸಾಂಸ್ಕೃತಿಕ ಕಾರ್ಯಕ್ರಮದಲ್ಲಿ ಇಂಥ ಮಕ್ಕಳಿಗೂ ಹದಿನೈದು ನಿಮಿಷ ಕೊಡಬೇಕೆಂದು ಅಧ್ಯಕ್ಷರಲ್ಲಿ ವಿನಂತಿ. ಸದ್ದು 85 ಡೆಸಿಬಲ್ ಮೀರದಂತೆ ನೋಡಿಕೊಳ್ಳುವ ಹೊಣೆ ನಮ್ಮದು.

 ಸಿರಿಗನ್ನಡಂ ಗೆಲ್ಗೆ.