ಸಪೋರ್ಟ್ ಪ್ರಾಜೆಕ್ಟ್ ಸಿಕ್ಕವರಿಗೆ

ಇವತ್ತು ಪದವೀಧರರಾದ ಗೆಳೆಯರೇ,

ನಿಮ್ಮಲ್ಲಿ ಕೆಲವರ ಕೈಯಲ್ಲಿ ಈಗಾಗಲೇ ಆಫರ್ ಲೆಟರ್ ಇದೆ. ಸೇರಿದ ಕೆಲವೇ ತಿಂಗಳಲ್ಲಿ ಮನೆಗೆ ಫೋನ್ ಮಾಡಿ, "ಅಮ್ಮಾ, ನಂಗೆ ಸಪೋರ್ಟ್ ಪ್ರಾಜೆಕ್ಟ್ ಹಾಕಿಬಿಟ್ರು" ಎಂದು ಗೋಳಾಡುವವರೂ ನಿಮ್ಮಲ್ಲೇ ಇದ್ದಾರೆ. ನನ್ನ ಮಾತು ಮುಖ್ಯವಾಗಿ ಅವರಿಗೆ. ಹೊಸದನ್ನು ಕಟ್ಟದೆ ಬೇರೆಯವರು ಬರೆದದ್ದನ್ನು ನೋಡಿಕೊಳ್ಳುವ ಆ ಕೆಲಸ ಕೀಳಲ್ಲ, ಅದಕ್ಕೊಂದು ಹಳೇ ಉದಾಹರಣೆ ಕೇಳಿ.

ಕಂಪ್ಯೂಟರಿನ ಮೆಮೊರಿ ದುಬಾರಿಯಾಗಿದ್ದ ಕಾಲದಲ್ಲಿ ಇಸವಿಯನ್ನು ಎರಡೇ ಅಂಕಿಗಳಲ್ಲಿ ಬರೆದಿಡುತ್ತಿದ್ದರು. 1999 ಮುಗಿದು 00 ಬಂದರೆ ಯಂತ್ರ ಅದನ್ನು 1900 ಎಂದುಕೊಂಡೀತೆಂಬ ಭಯ ಹುಟ್ಟಿತು. ಆ ದೋಷವನ್ನು ಸರಿಪಡಿಸಲು ಬೆಂಗಳೂರಿನ ಎಷ್ಟೋ ಹುಡುಗ ಹುಡುಗಿಯರು ಹೊರದೇಶದ ಕಂಪನಿಗಳ ಹಳೇ ಕೋಬಾಲ್ ಪ್ರೋಗ್ರಾಮುಗಳನ್ನು ಸಾಲುಸಾಲಾಗಿ ಓದಿದರು. ಹೊಸದೇನನ್ನೂ ಕಟ್ಟಲಿಲ್ಲ, ನಿಜ. ಆದರೆ ಬ್ಯಾಂಕಿನ ಬಡ್ಡಿ, ವಿಮೆಯ ಕಂತು ಯಂತ್ರದೊಳಗೆ ಹೇಗೆ ಲೆಕ್ಕವಾಗುತ್ತದೆಂಬುದು ತಿಳಿಯುತ್ತಿದ್ದುದು ಆ ಸಾಲುಗಳಲ್ಲೇ. ಬೇರೆಯವರ ಕೋಡ್ ಓದುವುದನ್ನು ನಾವು ಕಾಲೇಜಿನಲ್ಲಿ ಕಲಿಸಲೇ ಇಲ್ಲ. ಲ್ಯಾಬ್ ಪರೀಕ್ಷೆಯಲ್ಲಿ ಎಲ್ಲವೂ ಖಾಲಿ ಪರದೆಯಿಂದಲೇ ಶುರು. ಹತ್ತು ಜನ ತಿದ್ದಿದ ಫೈಲಿನಲ್ಲಿ ಒಂದು ಬಗ್ ಹುಡುಕುವ ವಿದ್ಯೆಯನ್ನು ನಿಮಗೆ ಸಂಬಳ ಕೊಟ್ಟು ಕಲಿಸುತ್ತಾರೆ. ಬೇಡವೆನ್ನಬೇಡಿ.

ಇನ್ನು ಕೆಲಸದಾಚೆಯ ಕಲಿಕೆ. ಗೀಡೊ ವಾನ್ ರಾಸಮ್ ಎಂಬ ಪ್ರೋಗ್ರಾಮರ್ ಆಮ್ಸ್ಟರ್‌ಡ್ಯಾಮಿನ ಸಂಶೋಧನಾ ಸಂಸ್ಥೆಯೊಂದರಲ್ಲಿ ಎಬಿಸಿ ಎಂಬ ಪ್ರೋಗ್ರಾಮಿಂಗ್ ಭಾಷೆಯ ತಂಡದಲ್ಲಿದ್ದರು. ಎಬಿಸಿ ಹೆಚ್ಚು ಹರಡಲಿಲ್ಲ. 1989ರ ಡಿಸೆಂಬರಿನಲ್ಲಿ ಕ್ರಿಸ್‌ಮಸ್ ರಜೆಗೆ ಆಫೀಸು ಮುಚ್ಚುವುದಿತ್ತು. ಹೊತ್ತು ಕಳೆಯಲು ಅವರು ಹೊಸ ಭಾಷೆಯೊಂದನ್ನು ಬರೆಯತೊಡಗಿದರು. 1991ರಲ್ಲಿ ಹೊರಬಂದ ಆ ಪೈಥಾನನ್ನೇ ನೀವು ಕಲಿತದ್ದು. ರಜೆಯ ಹವ್ಯಾಸ ಎಂದು ಈ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಅದರ ಹಿಂದಿನ ನೌಕರಿಯನ್ನು ಮರೆಯುತ್ತಾರೆ. ನಿಮ್ಮ ಪ್ರೋಗ್ರಾಮ್ ಎಷ್ಟೋ ಸಲ ಓಡದಂತೆ ಮಾಡಿದ, ಸಾಲಿನ ಮೊದಲಿಗೆ ಜಾಗ ಬಿಟ್ಟು ಬರೆಯುವ ಆ ಕಟ್ಟುನಿಟ್ಟು ಎಬಿಸಿಯಿಂದಲೇ ಬಂದದ್ದು. ನೌಕರಿಯಲ್ಲಿ ಕಲಿತದ್ದೇ ಹವ್ಯಾಸಕ್ಕೆ ಬೇರಾಯಿತು.

ಹಾಗಾಗಿ ಮನೆಯಲ್ಲಿ ಮಾಡುವುದು ಚಿಕ್ಕದಿರಲಿ, ಆದರೆ ನಿಮಗೋ ನಿಮ್ಮವರಿಗೋ ಬೇಕಾದದ್ದಿರಲಿ. ಊರಿನ ಹಾಲಿನ ಡೈರಿಯ ಲೆಕ್ಕವಾದರೂ ಸರಿ, ಅದನ್ನು ಬೇರೊಬ್ಬರು ದಿನಾ ಬಳಸುವ ಹಂತಕ್ಕೆ ತನ್ನಿ. ಅರ್ಧಕ್ಕೆ ನಿಂತ ಆರು ಆನ್‌ಲೈನ್ ಕೋರ್ಸುಗಳಿಗಿಂತ ಅದು ಮೇಲು. ಎಐ ಬರೆದುಕೊಟ್ಟ ಕೋಡನ್ನು ಬಳಸಿ, ಅಡ್ಡಿಯಿಲ್ಲ. ಪ್ರತಿ ಸಾಲು ಯಾಕಿದೆಯೆಂದು ಹೇಳಲಾಗದಿದ್ದರೆ ಮಾತ್ರ ಅದನ್ನು ಪ್ರೊಡಕ್ಷನ್ನಿಗೆ ಕಳಿಸಬೇಡಿ.

ಕೊನೆಯದು ಮುಂದಿನ ಸಾಲಿನಲ್ಲಿ ಕೂತಿರುವ ಕಂಪನಿಗಳ ಮುಖ್ಯಸ್ಥರಿಗೆ. "ಹೊಸದನ್ನು ಕಲಿಯಿರಿ" ಎಂದು ಅಪ್ರೈಸಲ್‌ನಲ್ಲಿ ಬರೆಯುತ್ತೀರಿ, ಅದಕ್ಕೆ ಭಾನುವಾರವನ್ನು ತೋರಿಸುತ್ತೀರಿ. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ ದಾಟಿ ಮನೆಗೆ ಹೋಗಿ, ಅಡುಗೆ ಮಾಡಿ, ಮಗುವಿಗೆ ಹೋಮ್‌ವರ್ಕ್ ಮಾಡಿಸುವ ಹೆಣ್ಣುಮಗಳು ಯಾವಾಗ ಕಲಿಯಬೇಕು? ವಾರಕ್ಕೆ ಅರ್ಧ ದಿನ, ಆಫೀಸಿನ ವೇಳೆಯಲ್ಲೇ, ಗ್ರಾಹಕರ ದೂರಿನ ಟಿಕೆಟ್ಟುಗಳ ಕಾಟವಿಲ್ಲದೆ ಬಿಟ್ಟುಕೊಡಿ. ಈ ಮಕ್ಕಳೂ ಅದನ್ನು ಇಂಟರ್‌ವ್ಯೂನಲ್ಲೇ ಕೇಳಲಿ.